ತಕ್ಕಡಿಯವನು ಡೇರೆ ಆರಿಸಿದ್ದು

"ಗುರುಗಳೇ, ಮೂರೂ ಚೆನ್ನಾಗಿಯೇ ಇರುವಾಗ ಒಂದನ್ನು ಆರಿಸುವುದು ಹೇಗೆ?" ಎಂದು ಮಡಿವಾಳಯ್ಯ ಕೇಳಿದ.

ಮಠಕ್ಕೆ ಬರುವ ವಯಸ್ಸಾದವರೂ ಕಾಯಿಲೆಯವರೂ ನಾಲ್ಕು ದಿನ ತಂಗಲು ಒಂದು ಮನೆ ಬೇಕಾಗಿತ್ತು. ಅದನ್ನು ಹುಡುಕುವ ಕೆಲಸ ಶಿಷ್ಯನಾದ ಮಡಿವಾಳಯ್ಯನ ಪಾಲಿಗೆ ಬಂದಿತ್ತು. ನಾಲ್ಕು ತಿಂಗಳು ಓಡಾಡಿ ಅವನು ಮೂರು ಮನೆಗಳನ್ನು ಗೊತ್ತುಮಾಡಿದ್ದ. ಮೂರರ ನಕ್ಷೆಯನ್ನೂ ಬರೆದುಕೊಂಡಿದ್ದ. ಎಷ್ಟು ಸಲ ಎದುರಿಗೆ ಹರಡಿಕೊಂಡು ಕೂತರೂ ಮನಸ್ಸು ಒಂದು ಕಡೆ ನಿಲ್ಲುತ್ತಿರಲಿಲ್ಲ.

ಗುರುಗಳು ನಕ್ಷೆಗಳನ್ನು ಮುಟ್ಟಲಿಲ್ಲ. "ಕೂತುಕೋ" ಎಂದು ಹೇಳಿ ಈ ಕತೆ ಹೇಳಿದರು.

ಒಂದು ಊರಿನಲ್ಲಿ ತಕ್ಕಡಿ ದುರಸ್ತಿ ಮಾಡುವವನೊಬ್ಬನಿದ್ದ. ಕಾಳಿನಂಗಡಿಯ ತಕ್ಕಡಿ, ಹತ್ತಿ ಮಂಡಿಯ ದೊಡ್ಡ ತೂಕದ ಯಂತ್ರ, ಆಸ್ಪತ್ರೆಯಲ್ಲಿ ಕೂಸುಗಳನ್ನು ತೂಗುವ ತೊಟ್ಟಿಲು, ಎಲ್ಲವೂ ಅವನ ಕೈಗೆ ಬರುತ್ತಿದ್ದವು. ಹಳೆಯ ಜೀಪಿನಲ್ಲಿ ಊರೂರು ತಿರುಗಿ ಅವುಗಳನ್ನು ಸರಿಮಾಡುತ್ತಿದ್ದ. ಅಳತೆಯಲ್ಲಿ ಅವನು ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ. ಆ ವಿಷಯದಲ್ಲಿ ಅವನಿಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಮನೆಯಲ್ಲಿ ತಾಯಿ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ವರ್ಷಕ್ಕೆ ಎರಡು ಸಲ ಅವರು ಬೆಟ್ಟಕ್ಕೋ ಕೆರೆಯ ದಂಡೆಗೋ ಹೋಗಿ, ಡೇರೆ ಹಾಕಿಕೊಂಡು ಎರಡು ದಿನ ಇದ್ದು ಬರುತ್ತಿದ್ದರು. ತಾಯಿ ಮಾತ್ರ ಬರುತ್ತಿರಲಿಲ್ಲ. "ನೀವು ಹೋಗಿ ಬನ್ನಿ, ಮನೆ ನೋಡಿಕೊಳ್ಳೋಕೆ ಒಬ್ಬರು ಬೇಕಲ್ಲ" ಎನ್ನುತ್ತಿದ್ದಳು.

ಮೊದಲು ಹೀಗಿರಲಿಲ್ಲ. ಆಕೆ ಕುರಿ ಕಾಯುವವರ ಮಗಳು. ಮದುವೆಯಾಗುವವರೆಗೂ ಹಿಂಡಿನ ಹಿಂದೆ ಊರಿಂದ ಊರಿಗೆ ನಡೆದವಳು, ಬಯಲಿನಲ್ಲಿ ಕಂಬಳಿ ಹಾಸಿಕೊಂಡು ಮಲಗಿದವಳು. ಮಗ ಡೇರೆ ಕೊಂಡ ವರ್ಷ ಎಲ್ಲರಿಗಿಂತ ಮೊದಲು ಜೀಪು ಹತ್ತಿ ಕೂತಿದ್ದವಳು ಅವಳೇ. ಆದರೆ ಮೂರು ವರ್ಷದ ಹಿಂದೆ ಹಿತ್ತಲಲ್ಲಿ ಜಾರಿ ಬಿದ್ದು ಬಲ ಮೊಣಕಾಲು ಮುರಿಯಿತು. ಮೂಳೆ ಕೂಡಿಕೊಂಡಿತು, ಕಾಲು ಮಾತ್ರ ಪೂರ್ತಿ ಮಡಚದಾಯಿತು. ಕೋಲು ಹಿಡಿದು ನಡೆಯಬಲ್ಲಳು, ಮೆಟ್ಟಿಲನ್ನು ಒಂದೊಂದಾಗಿ ಹತ್ತಬಲ್ಲಳು; ನೆಲದ ಮೇಲೆ ಕೂತರೆ ಏಳಲಾರಳು.

ಆಮೇಲೂ ಒಂದು ಸಲ ಅವರ ಜೊತೆ ಹೋದಳು. ಬೆಳಿಗ್ಗೆ ಡೇರೆಯೊಳಗೆ ನೆಲಬಿಟ್ಟು ಏಳಲಾಗಲಿಲ್ಲ. ಮಗನೂ ಪಕ್ಕದ ಡೇರೆಯ ಇಬ್ಬರು ಗಂಡಸರೂ ಸೇರಿ ಕಂಕುಳಿಗೆ ಕೈಕೊಟ್ಟು ಎತ್ತಿ ನಿಲ್ಲಿಸಿದರು. ಆಕೆ ಸೀರೆ ಸರಿಮಾಡಿಕೊಂಡು, "ಉಪಕಾರ ಆಯ್ತಪ್ಪ" ಎಂದಳು. ಅಂದಿನಿಂದ ಮನೆ ನೋಡಿಕೊಳ್ಳಲು ಒಬ್ಬರು ಬೇಕಾದರು.

ತಕ್ಕಡಿಯವನಿಗೆ ಇದು ಗೊತ್ತಿತ್ತು. ಜೀಪಿನ ಹಿಂಬದಿಯಲ್ಲಿ ಖಾಲಿ ಉಳಿಯುತ್ತಿದ್ದ ಜಾಗವನ್ನು ಅವನು ಪ್ರತಿ ಸಲವೂ ನೋಡುತ್ತಿದ್ದ.

ಒಂದು ದಿನ ರಸ್ತೆಯಲ್ಲಿ ಒಂದು ಗಾಡಿ ಅವನ ಕಣ್ಣಿಗೆ ಬಿತ್ತು. ಅದರ ನೆತ್ತಿಯ ಮೇಲೆ ಡೇರೆ ಇತ್ತು. ಪಕ್ಕಕ್ಕೆ ಏಣಿ ಇಳಿಬಿಟ್ಟಿದ್ದರು. ಒಳಗೆ ದಪ್ಪ ಹಾಸಿಗೆ, ನೆಲದ ಗೊಡವೆಯೇ ಇಲ್ಲ. ನೆಲದಿಂದ ಏಳಲಾಗದವಳು ಏಣಿಯಿಂದ ಇಳಿಯಬಹುದಲ್ಲ ಎಂದು ಅವನಿಗೆ ಹೊಳೆಯಿತು. ಅಂಥದೊಂದು ಕೊಳ್ಳಬೇಕೆಂದು ಅಂದೇ ತೀರ್ಮಾನಿಸಿದ. ತಾಯಿಗೆ ಹೇಳಲಿಲ್ಲ. ಡೇರೆಯನ್ನು ತಂದು ಜೀಪಿನ ಮೇಲೆ ಕೂರಿಸಿ ತೋರಿಸಿದರೆ ಬೇಡ ಅನ್ನುವುದಕ್ಕೆ ಆಗುವುದಿಲ್ಲ ಎಂಬುದು ಅವನ ಲೆಕ್ಕ.

ಜಿಲ್ಲಾ ಕೇಂದ್ರದಲ್ಲಿ ಇಂಥ ಡೇರೆ ಮಾರುವ ಅಂಗಡಿಯೊಂದಿತ್ತು. ಅವನು ಮೂರು ಸಲ ಹೋಗಿ ಬಂದ. ಜೀಪಿನ ನೆತ್ತಿ ಓಡುವಾಗ ಎಷ್ಟು ಭಾರ ತಡೆಯುತ್ತದೆ, ನಿಂತಾಗ ಎಷ್ಟು ತಡೆಯುತ್ತದೆ ಎಂದು ತಿಳಿದುಕೊಂಡ. ಒಂದೊಂದು ಡೇರೆಯ ತೂಕ ಬರೆದುಕೊಂಡ. ಮನೆಮಂದಿಯನ್ನೆಲ್ಲ ಯಾವುದೋ ನೆಪ ಹೇಳಿ ತೂಗಿದ. ಕೊನೆಗೆ ಮೂರು ಡೇರೆ ಉಳಿದವು. ಒಂದು, ಪುಸ್ತಕದಂತೆ ಬಿಚ್ಚಿಕೊಳ್ಳುವ ದೊಡ್ಡ ಬಟ್ಟೆ ಡೇರೆ. ಐದು ಜನ ಆರಾಮವಾಗಿ ಮಲಗಬಹುದು. ಇನ್ನೊಂದು, ಗಟ್ಟಿ ಚಿಪ್ಪಿನದು. ಒಂದು ಕಡೆಯಷ್ಟೇ ಮೇಲೆದ್ದು ಎರಡೇ ನಿಮಿಷದಲ್ಲಿ ಸಿದ್ಧವಾಗುತ್ತದೆ. ಮತ್ತೊಂದು ಪೆಟ್ಟಿಗೆಯಂಥದು, ಮುಚ್ಚಳ ನಾಲ್ಕೂ ಕಡೆ ನೇರವಾಗಿ ಏಳುತ್ತದೆ, ಆದರೆ ನಾಲ್ಕು ಜನಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ಲೆಕ್ಕ ಹಾಕಿ ಹಾಕಿ ಅವನು ದೊಡ್ಡದೇ ಸರಿ ಎಂದುಕೊಂಡ. ಅದರಲ್ಲಿ ಎಲ್ಲರಿಗೂ ಜಾಗವಿತ್ತು.

ರಾತ್ರಿ ಅವನು ಇದನ್ನು ಹೇಳಿದಾಗ ಊಟ ಬಡಿಸುತ್ತಿದ್ದ ಹೆಂಡತಿ ಕೇಳಿದಳು. "ಅತ್ತೆಗೆ ತೋರಿಸಿದ್ರಾ?"

"ತೋರಿಸಿದರೆ ಬೇಡ ಅಂತಾಳೆ."

"ತಂದ ಮೇಲೂ ಬೇಡ ಅನ್ನಬಹುದಲ್ಲ. ಆಗ ಏನು ಮಾಡ್ತೀರಿ?"

ಮರುದಿನ ಅವನು ತಾಯಿಯನ್ನು ಜೀಪಿನಲ್ಲಿ ಕೂರಿಸಿಕೊಂಡು ಅಂಗಡಿಗೆ ಹೋದ.

ಅಂಗಡಿಯವನು ಒಳ್ಳೆಯ ಮಾತಿನವನೇ. ಆಕೆ ಕಾಲೆಳೆದುಕೊಂಡು ಬರುವುದನ್ನು ನೋಡಿ, "ಅಜ್ಜಿಗೆ ಏಣಿ ಎಲ್ಲ ಯಾಕೆ ಸಾರ್? ಕೆಳಗೆ ಒಂದು ಮಡಚುವ ಮಂಚ ಹಾಕಿಕೊಡೋಣ" ಎಂದ.

ತಾಯಿ ಅವನ ಕಡೆ ತಿರುಗಿದಳು. "ನೀನು ಇದರೊಳಗೆ ಮಲಗಿದ್ದೀಯೇನಪ್ಪ?"

"ಇಲ್ಲಮ್ಮ, ನಾನು ಮಾರ್ತೀನಿ ಅಷ್ಟೆ."

"ಹಾಗಾದರೆ ಇಬ್ಬರಿಗೂ ಗೊತ್ತಿಲ್ಲ. ನೋಡೋಣ ಇರು."

ಮೊದಲು ದೊಡ್ಡ ಡೇರೆಯ ಏಣಿ ಹಿಡಿದಳು. ಎಡಗಾಲು ಮುಂದಿಟ್ಟು, ಬಲಗಾಲನ್ನು ಅದರ ಪಕ್ಕಕ್ಕೆ ಎಳೆದುಕೊಂಡು, ಬಾಗಿಲ ತನಕ ಹೋದಳು. ಅಲ್ಲಿ ಬಟ್ಟೆಯ ಮಾಡು ಇಳಿಜಾರಾಗಿ ತಗ್ಗಿತ್ತು. ಒಳಗೆ ಹೋಗಬೇಕಾದರೆ ಮೊಣಕಾಲೂರಿ ತೆವಳಬೇಕು. ಆಕೆ ಮೇಲಿನ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಇಳಿದುಬಂದಳು. ಮೂರು ಸಲ ಬಂದು ಅಳೆದಾಗಲೂ ಆ ಬಾಗಿಲಲ್ಲಿ ತಕ್ಕಡಿಯವನು ತಾನೇ ಬಗ್ಗಿ ನುಸುಳಿದ್ದ. ಅದು ಅಷ್ಟು ತಗ್ಗಿದೆಯೆಂದು ಅವನ ಗಮನಕ್ಕೇ ಬಂದಿರಲಿಲ್ಲ.

ಎರಡನೆಯದನ್ನು ಆಕೆ ಹತ್ತಲೇ ಇಲ್ಲ. ದುಂಡಗೆ ಸಣ್ಣಗಿದ್ದ ಮೆಟ್ಟಿಲನ್ನು ಅಂಗೈಯಿಂದ ಒತ್ತಿ ನೋಡಿ, "ಇದು ಅಂಗಾಲು ಕೊಯ್ಯುತ್ತೆ" ಎಂದಳು.

ಮೂರನೆಯದರ ಸುತ್ತ ಒಂದು ಸುತ್ತು ಬಂದಳು. ಮೆಟ್ಟಿಲುಗಳು ಚಪ್ಪಟೆಯಾಗಿ ಅಗಲವಾಗಿದ್ದವು. ಬಾಗಿಲು ಎತ್ತರವಾಗಿ ನೆಟ್ಟಗಿತ್ತು. "ಏಣೀನ ಇನ್ನೊಂದಿಷ್ಟು ಓರೆ ಮಾಡು" ಎಂದಳು. ಅಂಗಡಿಯವನು ಏಣಿಯನ್ನು ಉದ್ದ ಮಾಡಿ ಓರೆಯಾಗಿ ಇಟ್ಟ. ಆಕೆ ಹತ್ತಿದಳು. ಮೇಲೆ ತಲುಪಿ ಬಾಗಿಲ ಚೌಕಟ್ಟು ಹಿಡಿದು ಮೆಲ್ಲಗೆ ಹೊರಳಿದಳು. ಮಗನ ಕಡೆ ಮುಖ ಮಾಡಿ ಹಾಸಿಗೆಯ ಅಂಚಿನಲ್ಲಿ ಕೂತಳು. ಕೂತಲ್ಲೇ ಹಿಂದಕ್ಕೆ ಸರಿದು, ಮೊದಲು ಎಡಗಾಲು, ಆಮೇಲೆ ಮಡಚದ ಬಲಗಾಲು, ಎರಡನ್ನೂ ಒಳಗೆಳೆದುಕೊಂಡಳು. ಯಾರೂ ಅವಳಿಗೆ ಅದನ್ನು ಹೇಳಿಕೊಟ್ಟಿರಲಿಲ್ಲ.

"ಇದರಲ್ಲಿ ನಾಲ್ಕೇ ಜನ ಅವ್ವ" ಎಂದ ಮಗ.

"ಹಾಗಾದರೆ ಬೇಡ ಬಿಡು. ನೀವು ನಾಲ್ಕು ಜನ ಇದ್ದೀರಲ್ಲ" ಎಂದು ಆಕೆ ಇಳಿಯಲು ಕಾಲು ಚಾಚಿದಳು.

ತಕ್ಕಡಿಯವನು ಒಂದು ಕ್ಷಣವೂ ಯೋಚಿಸಲಿಲ್ಲ. "ನಾನು ಜೀಪಿನೊಳಗೆ ಮಲಗ್ತೀನಿ" ಎಂದ. ಅಂಗಡಿಯವನ ಕಡೆ ತಿರುಗಿ, "ಇದನ್ನೇ ಕಟ್ಟಿಕೊಡಿ" ಎಂದ.

ಮೂರು ವಾರ ಜೀಪು ಮನೆಯ ಅಂಗಳದಲ್ಲಿ ಡೇರೆ ಹೊತ್ತು ನಿಂತಿತ್ತು. ಸಂಜೆಯಾದರೆ ತಾಯಿ ಅಂಗಳಕ್ಕೆ ಬಂದು ಹತ್ತುತ್ತಿದ್ದಳು, ಇಳಿಯುತ್ತಿದ್ದಳು. ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಮೊದಲ ದಿನ ಎರಡು ಸಲ ಸಾಕಾಯಿತು. ಮೂರನೆಯ ವಾರ, ಮೊಮ್ಮಕ್ಕಳು ಎಣಿಸುತ್ತಿದ್ದಂತೆ, ಹತ್ತು ಸಲ ಹತ್ತಿ ಇಳಿದಳು. ಕಾಂಪೌಂಡಿನ ಆಚೆಯಿಂದ ನೆರೆಯವರು ಇಣುಕುತ್ತಿದ್ದರು. ಆಕೆ ಅವರನ್ನು ನೋಡಿದರೂ ನೋಡದಂತೆ ಇರುತ್ತಿದ್ದಳು.

ಆಮೇಲೆ ಅವರು ಹೊರಟರು. ಜೀಪಿನಲ್ಲಿ ಜಾಗ ಖಾಲಿ ಇರಲಿಲ್ಲ.

ಅಣೆಕಟ್ಟಿನ ಹಿನ್ನೀರಿನ ದಂಡೆಗೆ ಅವರು ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ಸಮತಟ್ಟಾದ ಜಾಗದಲ್ಲೆಲ್ಲ ಆಗಲೇ ಬೇರೆಯವರ ಡೇರೆಗಳು ಎದ್ದಿದ್ದವು. ಉಳಿದಿದ್ದು ಒಂದು ಇಳಿಜಾರು. ಜೀಪು ಅಲ್ಲಿ ಒಂದು ಪಕ್ಕಕ್ಕೆ ವಾಲಿ ನಿಂತಿತು. ಏಣಿ ಇಳಿಬಿಟ್ಟರೆ ಗೋಡೆಯಂತೆ ನೆಟ್ಟಗಾಯಿತು. ಅಂಗಳದಲ್ಲಿ ಮಾಡಿದ ಅಭ್ಯಾಸ ಇದಕ್ಕೆ ಒದಗುವಂತಿರಲಿಲ್ಲ.

ಪಕ್ಕದ ಡೇರೆಯಿಂದ ಇಬ್ಬರು ಗಂಡಸರು ಎದ್ದುಬಂದರು. "ಅಮ್ಮನ್ನ ನಾವು ಎತ್ತಿ ಕೂರಿಸ್ತೀವಿ ಬಿಡಿ" ಎಂದು ಒಬ್ಬ ಹೇಳಿದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ತಾಯಿ ನೀರಿನ ಕಡೆ ಮುಖ ತಿರುಗಿಸಿಕೊಂಡಳು.

"ಬೇಡಣ್ಣ. ಅವಳೇ ಹತ್ತುತ್ತಾಳೆ. ಎತ್ತೋದಾದರೆ ನನಗೆ ಕಲ್ಲು ಎತ್ತಿಕೊಡಿ" ಎಂದ ತಕ್ಕಡಿಯವನು.

ಅವನಿಗೆ ಗೊತ್ತಿದ್ದ ಕೆಲಸ ಅದು. ತಗ್ಗಿನ ಬದಿಯ ಎರಡು ಚಕ್ರಗಳ ಮುಂದೆ ಚಪ್ಪಟೆ ಕಲ್ಲುಗಳನ್ನು ಜೋಡಿಸಿ ಜೀಪನ್ನು ಅವುಗಳ ಮೇಲೆ ಹತ್ತಿಸಿದ. ಚೀಲದಿಂದ ಮಟ್ಟ ನೋಡುವ ರಸಮಟ್ಟ ತೆಗೆದು ಬಾನೆಟ್ಟಿನ ಮೇಲಿಟ್ಟ. ಅದರ ಗಾಜಿನೊಳಗಿನ ಗುಳ್ಳೆ ಒಂದು ಕಡೆ ಓಡಿತು. ಜೀಪು ಹಿಂದೆ ತೆಗೆದು ಇನ್ನೊಂದು ಕಲ್ಲು ಇಟ್ಟ. ಮತ್ತೆ ಹತ್ತಿಸಿದ, ಮತ್ತೆ ನೋಡಿದ. ಆ ಇಬ್ಬರೂ ಬೆವರುತ್ತ ಕಲ್ಲು ತಂದರು. ಮುಕ್ಕಾಲು ಗಂಟೆಯಾದ ಮೇಲೆ ಗುಳ್ಳೆ ನಡುವಿಗೆ ಬಂದು ನಿಂತಿತು. ಚಕ್ರಗಳ ಹಿಂದೆಯೂ ಕಲ್ಲು ಒತ್ತಿ, ಏಣಿಯನ್ನು ಓರೆಯಾಗಿ ಇಟ್ಟು, ಅವನು ಪಕ್ಕಕ್ಕೆ ಸರಿದ.

ತಾಯಿ ಸೆರಗು ಸಿಕ್ಕಿಸಿಕೊಂಡು ಏಣಿ ಹಿಡಿದಳು.

ಅಷ್ಟು ಹೊತ್ತಿಗೆ ಸುತ್ತಲಿನ ಡೇರೆಗಳವರೆಲ್ಲ ಹೊರಗೆ ಬಂದು ನಿಂತಿದ್ದರು. ಒಂದು, ಎರಡು, ಮೂರು. ಐದನೆಯ ಮೆಟ್ಟಿಲಲ್ಲಿ ಆಕೆ ನಿಂತಳು. ಬಲಗಾಲು ನಡುಗುತ್ತಿತ್ತು. ತಕ್ಕಡಿಯವನ ಕೈ ತಾನಾಗಿ ಮೇಲೆದ್ದಿತು.

"ಕೈ ತೆಗಿ" ಎಂದಳು ತಾಯಿ, ಹಿಂದೆ ತಿರುಗದೆ.

ಅವನು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ. ತನ್ನ ಜೀವಮಾನದಲ್ಲಿ ಅಷ್ಟು ಕಷ್ಟದ ಕೆಲಸ ಅವನು ಮಾಡಿರಲಿಲ್ಲ. ಆಕೆ ಉಸಿರು ಎಳೆದುಕೊಂಡಳು. ಆರು. ಏಳು. ಚೌಕಟ್ಟು ಹಿಡಿದು ಹೊರಳಿದಳು, ಕೂತಳು. ಕೆಳಗಿದ್ದ ಅಷ್ಟೂ ಜನ ಈಗ ಅವಳಿಗಿಂತ ತಗ್ಗಿನಲ್ಲಿದ್ದರು. ಮೊಮ್ಮಕ್ಕಳು ಕುಣಿದರು. ಕಲ್ಲು ಹೊತ್ತ ಇಬ್ಬರು ಚಪ್ಪಾಳೆ ತಟ್ಟಿದರು. ಅವರನ್ನು ನೋಡಿ ದಂಡೆಯ ಉದ್ದಕ್ಕೂ ಚಪ್ಪಾಳೆ ಎದ್ದಿತು. ತಾಯಿ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಹಿನ್ನೀರಿನ ಆಚೆ ಕಾಣುತ್ತಿದ್ದ ಗುಡ್ಡಗಳನ್ನು ಒಂದೊಂದಾಗಿ ನೋಡುತ್ತಿದ್ದಳು. ಆಮೇಲೆ ಸೊಸೆಯನ್ನು ಕರೆದು, "ಆ ಬೋಳುಗುಡ್ಡ ಇದೆಯಲ್ಲ, ಅದರ ಬೆನ್ನ ಮೇಲೆ ನಾನು ಒಂದು ಬೇಸಿಗೆ ಪೂರ್ತಿ ಮಲಗಿದ್ದೀನಿ" ಎಂದಳು. ಮನೆಯಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ.

ಬೆಳಗಿನ ಜಾವ ತಕ್ಕಡಿಯವನಿಗೆ ಜೀಪಿನ ಸೀಟಿನ ಮೇಲೆ ಎಚ್ಚರವಾಯಿತು. ಏಣಿ ಕಿರುಗುಟ್ಟುತ್ತಿತ್ತು. ಅವನು ದಡಬಡ ಎದ್ದು ಬಾಗಿಲು ತೆಗೆಯುವ ಹೊತ್ತಿಗೆ ತಾಯಿ ನೆಲದ ಮೇಲಿದ್ದಳು. ಕೋಲು ಹಿಡಿದು ನೀರಿನ ಅಂಚಿನವರೆಗೆ ನಡೆದುಹೋದಳು, ನಿಂತಲ್ಲೇ ಬಗ್ಗಿ ಮುಖ ತೊಳೆದುಕೊಂಡಳು, ಸೂರ್ಯ ಹುಟ್ಟುವುದನ್ನು ನೋಡುತ್ತ ನಿಂತಳು. ದಂಡೆಯ ಮೇಲೆ ಬೇರೆ ಯಾರೂ ಎದ್ದಿರಲಿಲ್ಲ. ಅವನು ಹಿಂದೆ ಹೋಗಲಿಲ್ಲ. ಜೀಪಿಗೆ ಒರಗಿಕೊಂಡು ನೋಡುತ್ತಿದ್ದ. ಅವನ ಸೊಂಟ ಹಿಡಿದುಕೊಂಡಿತ್ತು, ಕುತ್ತಿಗೆ ತಿರುಗುತ್ತಿರಲಿಲ್ಲ. ಅಷ್ಟು ಸಂತೋಷವಾದ ಬೆಳಗು ಅವನಿಗೆ ನೆನಪಿರಲಿಲ್ಲ.

ತಾಯಿ ವಾಪಸು ಬಂದಳು. "ಮುಂದಿನ ಸಲ ಎಲ್ಲಿಗೆ?" ಎಂದು ಕೇಳಿದಳು.

ಗುರುಗಳು ಕತೆ ನಿಲ್ಲಿಸಿದರು.

ಮಡಿವಾಳಯ್ಯನ ಮುಖ ಅರಳಿತ್ತು. "ತಿಳಿಯಿತು ಗುರುಗಳೇ. ಎಲ್ಲರಿಗಿಂತ ಕಷ್ಟದಲ್ಲಿರುವವರಿಗೆ ಯಾವುದು ಒದಗುತ್ತದೋ ಅದನ್ನೇ ಆರಿಸಬೇಕು. ಹಾಗೆ ನೋಡಿದರೆ ಈ ಎರಡನೆಯ ಮನೆಯೇ ಸರಿ" ಎಂದು ಒಂದು ನಕ್ಷೆಯನ್ನು ಮುಂದಕ್ಕೆ ಸರಿಸಿದ.

ಗುರುಗಳು ಕೇಳಿದರು: "ಈ ಮೂರು ಮನೆ ನೋಡಲು ಹೋದಾಗ ನಿನ್ನ ಜೊತೆ ಯಾರಿದ್ದರು?"

"ನಾನೊಬ್ಬನೇ ಹೋಗಿದ್ದೆ" ಎಂದು ಮಡಿವಾಳಯ್ಯ ಮುಂದಕ್ಕೆ ಸರಿಸಿದ್ದ ನಕ್ಷೆಯನ್ನು ಹಿಂದಕ್ಕೆ ಎಳೆದುಕೊಂಡ.