ಎಳನೀರಿಗೆ ಎಂಟು ಕಾಸು

ಸೋಮಗಿರಿಯ ರಾಜ ಭುವನಮಲ್ಲನಿಗೆ ವರ್ಷಕ್ಕೊಮ್ಮೆ ಕಡಲ ಗಾಳಿ ಕುಡಿಯದಿದ್ದರೆ ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ. ಈ ಸಲ ಕಡಲ ದಂಡೆಯ ಅಲೆಕಟ್ಟೆಗೆ ವಿಹಾರ ಹೊರಡುವ ಮುಂಚೆ ಟಂಕಸಾಲೆಯಲ್ಲಿ ಮೂವತ್ತು ಮೂಟೆ ಹೊಸ ಕಾಸು ಹೊಡೆಸಿದ.

“ಹದಿನೈದೇ ದಿನ! ಅಲೆಕಟ್ಟೆಯಿಂದ ಬಡತನವನ್ನೇ ಓಡಿಸಿಬಿಡುತ್ತೇನೆ, ನೋಡುತ್ತಿರು!” ಎಂದು ಪಲ್ಲಕ್ಕಿಯಲ್ಲೇ ಮೀಸೆ ತಿರುವಿದ.

“ಓಡಿದರೂ ವಾಪಸು ಬರುವ ದಾರಿ ಅದಕ್ಕೆ ಚೆನ್ನಾಗಿ ಗೊತ್ತು ಪ್ರಭು,” ಎಂದ ಪಕ್ಕದಲ್ಲಿ ತಟ್ಟುಕುದುರೆಯ ಮೇಲಿದ್ದ ಹಂಪಯ್ಯ.

ಆಸ್ಥಾನದಲ್ಲಿ ಹಂಪಯ್ಯನ ಕೆಲಸ ರಾಜನನ್ನು ನಗಿಸುವುದು, ನಗುವಿನ ಸಂದಿಯಲ್ಲಿ ಒಂದೆರಡು ನಿಜ ತೂರಿಸುವುದು. ಅವನಿಗಿದ್ದದ್ದು ಒಂದೇ ಆಸೆ, ನವಿಲುಗರಿ. ರಾಜ ಮೆಚ್ಚಿ ಯಾರ ಪೇಟಕ್ಕೆ ಗರಿ ಸಿಕ್ಕಿಸುತ್ತಾನೋ ಅವನು ಎದುರು ಬಂದಾಗ ರಾಜನೇ ಎದ್ದು ನಿಂತು ಕೈಯಾರೆ ವೀಳ್ಯ ಕೊಡಬೇಕು. ಅದು ಆ ಮನೆತನದ ರೂಢಿ. ಇಡೀ ರಾಜ್ಯದಲ್ಲಿ ಗರಿಯವರು ನಾಲ್ಕೇ ಜನ. ಹಂಪಯ್ಯ ಹನ್ನೆರಡು ವರ್ಷದಿಂದ ಬರೀ ಪೇಟ ಹೊತ್ತು ಕಾಯುತ್ತಿದ್ದ.

ಅಲೆಕಟ್ಟೆಯಲ್ಲಿ ರಾಜ ಬೆಳಿಗ್ಗೆ ಎರಡು ಮೂಟೆ ಕಾಸು ಎರಚಿದ, ಸಂಜೆ ಮತ್ತೆರಡು. ಜನ ಜೈಕಾರ ಹಾಕಿದರು. ಮೂಟೆಗಳು ಬರಿದಾದವು, ಜೈಕಾರವೂ ತಣ್ಣಗಾಯಿತು. ಹದಿನಾಲ್ಕನೆಯ ದಿನ ರಾಜ ಮರಳ ಮೇಲೆ ಅಡ್ಡಾಡಿ ಬಂದು ಎಳನೀರು ತರಿಸಿದ.

“ಎಂಟು ಕಾಸಂತೆ ಮಹಾಸ್ವಾಮಿ,” ಎಂದ ಸೇವಕ.

“ಹೋದ ವರ್ಷ ಒಂದಿತ್ತು! ಹಗಲು ದರೋಡೆ! ಎಳೆದು ತನ್ನಿ ಅವಳನ್ನು!”

ಎಳನೀರು ಮಾರುವ ಪದ್ದಕ್ಕ ಕೈಯಲ್ಲಿ ಕತ್ತಿ ಹಿಡಿದೇ ಬಂದಳು. “ನಾ ಎಂತ ಮಾಡುದು ಒಡೆಯಾ? ಸೇರು ಅಕ್ಕಿಗೆ ಹತ್ತು ಕಾಸು ಆಯ್ತು. ಅಕ್ಕಿಯವನ ಕೇಳಿದ್ರೆ ಮೀನಿನವಳನ್ನ ತೋರಿಸ್ತಾನೆ, ಮೀನಿನವಳು ನನ್ನನ್ನೇ ತೋರಿಸ್ತಾಳೆ!”

“ಎಲ್ಲರೂ ಕಳ್ಳರೇ! ಇವಳ ತೆಂಗಿನ ಮರಗಳನ್ನೆಲ್ಲ ಮುಟ್ಟುಗೋಲು ಹಾಕಿ!”

ಪದ್ದಕ್ಕನ ಕೈಯಿಂದ ಕತ್ತಿ ಜಾರಿತು. ಆ ಹದಿನೆಂಟು ಮರ ಬಿಟ್ಟರೆ ಅವಳಿಗೆ ಬೇರೆ ಗತಿಯಿರಲಿಲ್ಲ. ಹಂಪಯ್ಯ ತಟ್ಟನೆ ನಡುವೆ ಬಂದ.

“ಪ್ರಭು, ನಾಳೆ ಸಂಜೆಯೊಳಗೆ ಅಸಲಿ ಕಳ್ಳನನ್ನು ಹಿಡಿದು ಕೊಡುತ್ತೇನೆ. ಅಲ್ಲಿಯವರೆಗೆ ಮರ ಮುಟ್ಟಬೇಡಿ. ನನಗೆ ನಿಮ್ಮ ಮುದ್ರೆಯುಂಗುರ ಒಂದು ದಿನ ಬೇಕು.”

ಉಂಗುರ ಇದ್ದವನ ಮಾತೇ ರಾಜನ ಮಾತು. ರಾಜ ಹುಬ್ಬು ಗಂಟಿಕ್ಕಿದ. “ಕಳ್ಳ ಸಿಗದಿದ್ದರೆ?”

“ಅವಳ ಮರದ ಜೊತೆ ನನ್ನ ಮನೆಯನ್ನೂ ತೆಗೆದುಕೊಳ್ಳಿ.”

ಮರುದಿನ ರಾಜ ಕಡಲಿಗೆ ಮುಖ ಮಾಡಿ ಕಾಲು ಚಾಚಿದ್ದನಷ್ಟೇ, ಪಲ್ಲಕ್ಕಿ ಹೊರುವ ಬೈರ ಬಂದು ಕೈಮುಗಿದ. ತಲೆಯಲ್ಲಿ ನವಿಲುಗರಿ! “ಉಂಗುರದ ಅಪ್ಪಣೆ ಮಹಾಸ್ವಾಮಿ,” ಎಂದ.

ರೂಢಿ ಬಿಡುವ ಹಾಗಿಲ್ಲ. ರಾಜ ಎದ್ದು ಐದೆಲೆ, ಒಂದು ಅಡಿಕೆ ಕೊಟ್ಟ. ಕೂರುವಷ್ಟರಲ್ಲಿ ಅಡಿಗೆಯವನು ಬಂದ, ಗರಿ. ಕ್ಷೌರಿಕ, ಗರಿ. ಕಹಳೆಯವನು, ಅವನ ಭಾವಮೈದುನ, ದೋಣಿಯವರು ಮೂವತ್ತು ಜನ. ರಾಜ ಎದ್ದ, ಕೂತ, ಎದ್ದ. ಮಂಡಿ ನೋಯತೊಡಗಿತು. ಮಧ್ಯಾಹ್ನದ ಹೊತ್ತಿಗೆ ಐದೆಲೆಯ ವೀಳ್ಯ ಒಂದೆಲೆಯಾಯಿತು. ಆಮೇಲೆ ರಾಜನೇ ಎಲೆಯನ್ನು ನಾಲ್ಕಾಗಿ ಹರಿದು ಹರಿದು ಕೊಟ್ಟ. ನಿಜವಾದ ಗರಿಯ ಮುದುಕ ದಂಡನಾಯಕನಿಗೆ ಸಿಕ್ಕಿದ್ದು ಬರೀ ತೊಟ್ಟು.

ಸಾಲಿನ ಕೊನೆಯಲ್ಲಿ ಪದ್ದಕ್ಕ ನಿಂತಿದ್ದಳು, ತುರುಬಿಗೆ ಗರಿ ಸಿಕ್ಕಿಸಿಕೊಂಡು.

“ಇವಳಿಗೂ ಏಳಬೇಕೇ?” ರಾಜ ಗುಡುಗಿದ. “ಹಂಪಯ್ಯಾ! ಗರಿಯ ಮಾನ ಮೂರು ಕಾಸಿಗೆ ಹರಾಜಾಯಿತು!”

“ಅದೇ ಗರಿ, ಅದೇ ಬಣ್ಣ ಪ್ರಭು. ಬೆಲೆ ಯಾಕೆ ಬಿತ್ತು?”

“ಸಿಕ್ಕಸಿಕ್ಕವರಿಗೆ ಹಂಚಿದರೆ ಬೀಳದೆ ಇನ್ನೇನಾಗುತ್ತದೆ, ಮಂಕೇ! ಗರಿ ನೂರಾಯಿತು, ವೀಳ್ಯದ ಎಲೆ ಇದ್ದಷ್ಟೇ ಇತ್ತು!”

“ಹಾಗೇ ಕಾಸು ಮೂವತ್ತು ಮೂಟೆಯಾಯಿತು, ಎಳನೀರು ಇದ್ದಷ್ಟೇ ಇತ್ತು. ಒಂದು ಕಾಯಿಗೆ ಎಂಟು ಜನ ಕಾಸು ಹಿಡಿದು ನಿಂತರು.” ಹಂಪಯ್ಯ ಉಂಗುರವನ್ನು ರಾಜನ ಅಂಗೈಯಲ್ಲಿಟ್ಟ. “ಪ್ರಭು, ಕಾಸಿನ ಮೇಲಿರುವುದೂ ಇದೇ ಮುದ್ರೆ. ಕಳ್ಳ ಸಿಕ್ಕ.”

ರಾಜ ಉಂಗುರ ನೋಡಿದ, ಪದ್ದಕ್ಕನನ್ನು ನೋಡಿದ. ಮುಖ ಕೆಂಪಾಯಿತು. ಆಮೇಲೆ ತಾನೇ ಎದ್ದು ನಿಂತ.

“ಮರ ನಿನ್ನವೇ ತಾಯಿ. ವೀಳ್ಯ ಮಾತ್ರ ಮುಗಿದಿದೆ,” ಎಂದ. ಹಂಪಯ್ಯನತ್ತ ತಿರುಗಿ, “ಈಗ ಬೆಲೆ ಇಳಿಯುವುದು ಹೇಗೆ?”

“ಎರಚಿದ ಕಾಸನ್ನು ಮನೆಗೆ ಕರೆಯಿರಿ. ವರ್ಷದ ಮಟ್ಟಿಗೆ ಬೊಕ್ಕಸದಲ್ಲಿ ಇಟ್ಟವರಿಗೆ ನೂರಕ್ಕೆ ಹತ್ತು ಬಡ್ಡಿ ಅಂತ ಡಂಗುರ ಹೊಡೆಸಿ. ಕಾಸು ಬೊಕ್ಕಸದಲ್ಲಿ ಮಲಗಿದರೆ ಸಂತೆ ತಣ್ಣಗಾಗುತ್ತದೆ.”

“ಬಿಟ್ಟಿ ಕೊಟ್ಟ ಕಾಸಿಗೆ ಬಡ್ಡಿಯನ್ನೂ ನಾನೇ ತೆರಬೇಕೇ?”

“ಸಾಸಿವೆ ಚೆಲ್ಲುವುದಕ್ಕೆ ಒಂದು ಕೈ ಸಾಕು ಪ್ರಭು. ಹೆಕ್ಕುವುದಕ್ಕೆ ಸೊಂಟ ಬಗ್ಗಿಸಬೇಕು.”

ಡಂಗುರ ಬಿತ್ತು. ರಾಜನೂ ಬೆಲೆ ಇಳಿಯುವುದನ್ನು ಕಣ್ಣಾರೆ ನೋಡುವ ನೆಪದಲ್ಲಿ ವಿಹಾರವನ್ನು ಇನ್ನೊಂದು ತಿಂಗಳು ಬೆಳೆಸಿದ. ಎಳನೀರು ಆರು ಕಾಸಿಗೆ ಬಂತು, ನಾಲ್ಕಕ್ಕೆ ಬಂತು, ಹೊರಡುವ ದಿನ ಎರಡಕ್ಕೆ ನಿಂತಿತು. ರಾಜ ಖುಷಿಯಿಂದ ಎರಡು ಕಾಯಿ ಕುಡಿದು, ತನ್ನ ಪೇಟದ ಗರಿಯನ್ನೇ ಕಿತ್ತು ಮುಂದೆ ಚಾಚಿದ.

“ಹನ್ನೆರಡು ವರ್ಷ ಕಾದೆಯಲ್ಲ ಹಂಪಯ್ಯ, ತಗೋ!”

ಹಂಪಯ್ಯ ಗರಿಯನ್ನು ಆಸೆಗಣ್ಣಿಂದ ನೋಡಿದ. ಅಷ್ಟು ವರ್ಷ ಕಂಡ ಕನಸನ್ನು ತಾನೇ ಕೈಯಾರೆ ಅಗ್ಗ ಮಾಡಿದ್ದ. ನಿಧಾನಕ್ಕೆ ಕೈಮುಗಿದ.

“ಬೇಡ ಪ್ರಭು. ಎರಡು ಕಾಸೇ ಕೊಡಿಸಿ. ಪದ್ದಕ್ಕನನ್ನು ಆಗಲೇ ಕೇಳಿ ನೋಡಿದೆ, ಗರಿಗೆ ಎಳನೀರು ಕೊಡುವುದಿಲ್ಲವಂತೆ.”