ಹೂಳಿನ ಬುಟ್ಟಿ

“ಗುರುಗಳೇ, ಮಗಳ ತಪ್ಪನ್ನು ತಾಯಿ ತನ್ನದೆಂದು ಹೇಳಿದರೆ ಅದು ಪಾಪವೇ?”

ಹೀಗೆ ಕೇಳಿದವಳು ಮಠದ ಅಡುಗೆಮನೆಯಲ್ಲಿ ಹನ್ನೆರಡು ವರ್ಷಗಳಿಂದ ಸೇವೆ ಮಾಡುತ್ತಿದ್ದ ಸಿದ್ದಮ್ಮ. ಅವಳ ಮಗಳಿಗೆ ಹದಿನೇಳು ವರ್ಷ. ನೆರೆಮನೆಯವರು ನೋಡಿಕೊಳ್ಳಲು ಒಪ್ಪಿಸಿದ್ದ ಹಸುವನ್ನು ಮಗಳು ಕಟ್ಟದೆ ಬಿಟ್ಟು ಹೋಗಿದ್ದಳು. ಹಸು ಕಲ್ಲುಗಣಿಯ ಗುಂಡಿಗೆ ಬಿದ್ದು ಸತ್ತಿತ್ತು. ಮರುದಿನ ಬೆಳಿಗ್ಗೆ ಅದರ ವಿಚಾರಣೆಗೆ ಹಿರಿಯರು ಸೇರುವವರಿದ್ದರು.

“ಕಟ್ಟಲು ಮರೆತವಳು ನಾನೇ ಎಂದು ಹೇಳಿಬಿಡುತ್ತೇನೆ,” ಎಂದಳು.

“ನಿರ್ಧಾರ ಮಾಡಿಯಾಗಿದೆ. ಮತ್ತೆ ನನ್ನನ್ನು ಏಕೆ ಕೇಳುತ್ತೀ?”

“ನೀವು ಬೇಡವೆಂದರೂ ಹೇಳುವವಳೇ. ಗುರುಗಳನ್ನು ಒಂದು ಮಾತೂ ಕೇಳಲಿಲ್ಲ ಎಂದಾಗಬಾರದಲ್ಲ.”

ಗುರುಗಳು ನಕ್ಕರು. “ಹಾಗಾದರೆ ಕುಳಿತುಕೋ. ಕತೆ ಕೇಳಿ ಹೋಗು,” ಎಂದು ಆರಂಭಿಸಿದರು.

ಒಂದು ಊರಿಗೆ ದೊಡ್ಡ ಕೆರೆಯಿತ್ತು. ತೂಬು ತೆಗೆದು, ಮುಚ್ಚಿ, ಗದ್ದೆಗಳಿಗೆ ನೀರು ಹಂಚಲು ಒಬ್ಬ ನೀರುಗಂಟಿಯಿದ್ದ. ಮೂವತ್ತೊಂದು ವರ್ಷ ಅವನ ಕೈಯಿಂದ ಒಂದು ತಪ್ಪೂ ಆಗಿರಲಿಲ್ಲ. ಅವನಿಗೆ ಒಬ್ಬನೇ ಮಗ. ತಂದೆಯ ಜೊತೆಗಿದ್ದು ಕೆಲಸ ಕಲಿಯುತ್ತಿದ್ದ.

ಒಂದು ದಿನ ಮಗ ತೂಬು ತೆಗೆದು, ಅದನ್ನು ಮುಚ್ಚದೆಯೇ ಪಕ್ಕದೂರಿಗೆ ಕುಸ್ತಿ ನೋಡಲು ಹೋದ. ಸಂಜೆಯ ಹೊತ್ತಿಗೆ ಕೆಳಗಿನ ಬಯಲಿನಲ್ಲಿ ಒಬ್ಬ ವಿಧವೆಯ ಭತ್ತ, ನಾಳೆ ನಾಡಿದ್ದರಲ್ಲಿ ಕೊಯ್ಯಬೇಕಾದದ್ದು, ನೀರಿನಲ್ಲಿ ಮಲಗಿತ್ತು.

ಆ ಊರಿನಲ್ಲಿ ಒಂದು ಕಟ್ಟಳೆಯಿತ್ತು. ನೀರಿನ ವಿಷಯದಲ್ಲಿ ತಪ್ಪಿದವನು ಕೆರೆಯ ಏರಿಯ ಮೇಲೆ ಎಲ್ಲರೆದುರು ನಿಂತು ತಪ್ಪೊಪ್ಪಿಕೊಳ್ಳಬೇಕು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಹೂಳನ್ನು ಬುಟ್ಟಿಯಲ್ಲಿ ಹೊತ್ತು ನಷ್ಟವಾದವರ ಗದ್ದೆಗೆ ಹಾಕಬೇಕು. ಅಲ್ಲಿಗೆ ಮುಗಿಯಿತು. ಆಮೇಲೆ ಯಾರೂ ಆ ಮಾತನ್ನು ಎತ್ತುವಂತಿಲ್ಲ. ಆದರೆ ತಪ್ಪಿದವನು ನೀರುಗಂಟಿಯೇ ಆದರೆ ಅವನು ತೂಬಿನ ಕೆಲಸವನ್ನೂ ಬಿಡಬೇಕು.

“ಅಪ್ಪ, ನಾನು ಹೋಗಿ ಹೇಳಿಬಿಡುತ್ತೇನೆ,” ಎಂದ ಮಗ.

“ಬಾಯಿ ಮುಚ್ಚಿಕೊಂಡು ನಿಲ್ಲು,” ಎಂದ ತಂದೆ. “ಮದುವೆಗೆ ಬಂದವನು ತಲೆಯ ಮೇಲೆ ಕೆಸರು ಹೊತ್ತು ತಿರುಗಿದರೆ ಯಾರು ಹೆಣ್ಣು ಕೊಡುತ್ತಾರೆ?”

ಏರಿಯ ಮೇಲೆ ತಂದೆಯೇ ನಿಂತ. “ಮರೆತವನು ನಾನು,” ಎಂದ.

“ವಯಸ್ಸಾಯಿತಪ್ಪ ನಿನಗೆ. ಹುಣಸೆ ಮರಕ್ಕೆ ಮುಪ್ಪು, ಹುಳಿಗೆ ಮುಪ್ಪಿಲ್ಲ ಅನ್ನುತ್ತಾರೆ. ನಿನ್ನ ಹುಳಿಯೂ ಹೋಯಿತು,” ಎಂದು ಊರಿನ ಗೌಡರು ನಿಟ್ಟುಸಿರು ಬಿಟ್ಟರು. ತೂಬಿನ ಕೆಲಸವನ್ನು ಮಗನಿಗೆ ಕೊಟ್ಟರು. ಅವನ ಹೆಸರಿಗೆ ಒಂದು ಕಲೆಯೂ ಇರಲಿಲ್ಲ.

ಆ ಬೇಸಿಗೆಯಿಡೀ ತಂದೆ ಹೂಳು ಹೊತ್ತ. ಏರಿಯ ಮೇಲೆ ಮಗ ನಿಂತು ನೋಡಿದ. ಮರುವರ್ಷ ಅವನಿಗೆ ಮದುವೆಯಾಯಿತು. ತಂದೆ ಅಂದುಕೊಂಡ, ನನ್ನ ಲೆಕ್ಕ ಸರಿಯಾಯಿತು.

ಮೂರನೆಯ ಮಳೆಗಾಲದಲ್ಲಿ ಕೆರೆ ಕೋಡಿ ಬಿತ್ತು. ಒಂದು ಬೆಳಿಗ್ಗೆ ತಂದೆ ಏರಿಯ ಬುಡದಲ್ಲಿ ನೀರು ಜಿನುಗುವುದನ್ನು ಕಂಡ. ಏರಿಯಿಂದ ತಿಳಿನೀರು ಜಿನುಗಿದರೆ ಭಯವಿಲ್ಲ. ಕೆಂಪು ನೀರು ಜಿನುಗಿದರೆ ಏರಿ ಒಳಗಿನಿಂದ ಕರಗುತ್ತಿದೆ ಎಂದೇ ಅರ್ಥ. ಈ ನೀರು ಕೆಂಪಾಗಿತ್ತು. ಅವನು ಗೌಡರ ಮನೆಗೆ ಓಡಿದ.

“ಗೌಡರೇ, ಏರಿ ನಿಲ್ಲುವುದಿಲ್ಲ. ತೂಬು ಪೂರಾ ತೆಗೆದರೂ ಅಷ್ಟು ನೀರು ಇಳಿಯಲು ನಾಲ್ಕು ದಿನ ಬೇಕು. ಕೆಳಗಿನ ಕೇರಿಯವರನ್ನು ಈಗಲೇ ಗುಡ್ಡಕ್ಕೆ ಹತ್ತಿಸಿ.”

“ಎತ್ತಬಾರದ ಮಾತು, ಆದರೂ ಎತ್ತುತ್ತೇನೆ. ತೂಬು ಮುಚ್ಚುವುದನ್ನೇ ಮರೆತವನ ಮಾತು ಕೇಳಿ, ಈ ಮಳೆಯಲ್ಲಿ ಮೂವತ್ತೆರಡು ಮನೆ ಖಾಲಿ ಮಾಡಿಸಲೇ?”

“ಅಂದು ಮರೆತವನು ನಾನಲ್ಲ. ನನ್ನ ಮಗ.”

ಗೌಡರ ಜಗುಲಿಯಲ್ಲಿ ಸೇರಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗೌಡರ ಮುಖ ಬಿಗಿಯಿತು. “ಕೆಲಸ ಮತ್ತೆ ಬೇಕೆಂದು ಹೆತ್ತ ಮಗನ ಮೇಲೆಯೇ ಹಾಕುತ್ತೀಯಾ? ನಾಚಿಕೆಯಾಗುವುದಿಲ್ಲವೇ?”

ಮಗನನ್ನು ಕರೆಸಿದರು. ಅವನೂ ಬೆಳಿಗ್ಗೆ ಆ ಕೆಂಪು ನೀರನ್ನು ಕಂಡಿದ್ದ. ಮಳೆಯ ರಾಡಿ ಇರಬೇಕು ಎಂದುಕೊಂಡು ಬಂದಿದ್ದ.

“ನೀರುಗಂಟಿ ನೀನು. ನೀನು ಹೇಳು. ನಿನ್ನಪ್ಪ ಹೇಳಿದ್ದು ನಿಜವೇ?”

ಅವನ ಹಿಂದೆ ಹೆಂಡತಿ ಬಂದು ನಿಂತಿದ್ದಳು. ಅವನು ತಂದೆಯ ಕಡೆಗೆ ತಿರುಗಿದ. ಕಷ್ಟದ ಪ್ರಶ್ನೆ ಬಂದಾಗಲೆಲ್ಲ ಉತ್ತರ ಅಲ್ಲಿಂದಲೇ ಬರುತ್ತಿತ್ತು. ತಂದೆ ಈ ಸಲ ಬಾಯಿ ತೆರೆಯಲಿಲ್ಲ. ಹೇಳಬೇಕಾದದ್ದನ್ನು ಹೇಳಿದ್ದ. ಅದಕ್ಕೆ ಬೆಲೆಯಿಲ್ಲದಂತೆ ಮಾಡಿಕೊಂಡವನೂ ತಾನೇ ಎಂಬುದು ಅವನಿಗೆ ತಿಳಿದಿತ್ತು.

ಮಳೆ ಸುರಿಯುತ್ತಲೇ ಇತ್ತು. ಮಗ ಗೌಡರ ಕಡೆಗೆ ತಿರುಗಿದ.

“ಅಂದು ಮರೆತವನು ನಾನು. ಇವತ್ತು ಕೆಂಪು ನೀರು ಕಂಡೂ ಸುಮ್ಮನಿದ್ದವನು ನಾನು. ಅಪ್ಪ ಹೇಳಿದ ಹಾಗೆ ಮಾಡಿ.”

ಹಾಗೆಯೇ ಮಾಡಿದರು. ಕೈಗೆ ಸಿಕ್ಕಿದ್ದನ್ನು ಹಿಡಿದು ಜನ ಗುಡ್ಡ ಹತ್ತಿದರು. ನಡೆಯಲಾರದವರನ್ನು ಮಗನೇ ಹೊತ್ತ. ಮಧ್ಯಾಹ್ನ ಏರಿ ಒಡೆಯಿತು. ಜನ ಉಳಿದರು. ಮನೆ ಒಂದೂ ಉಳಿಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಸಿದ್ದಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅವಳ ದನಿ ಇನ್ನೂ ಗಟ್ಟಿಯಾಗಿಯೇ ಇತ್ತು. “ಕೆಲಸ ಕಳೆದುಕೊಂಡ, ಮಾನ ಕಳೆದುಕೊಂಡ, ಮುಪ್ಪಿನಲ್ಲಿ ಹೂಳು ಹೊತ್ತ. ಇಷ್ಟೆಲ್ಲ ಮಾಡಿದ ತಂದೆಯ ಪ್ರೀತಿಯಲ್ಲಿ ನಿಮಗೆ ಯಾವ ಕೊರತೆ ಕಾಣಿಸಿತು, ಗುರುಗಳೇ?”

“ಪ್ರೀತಿಯಲ್ಲಿ ಕೊರತೆಯಿಲ್ಲ ತಾಯಿ. ಮಗನ ತಲೆಗೆ ಭಾರವೆಂದು ಹೂಳಿನ ಬುಟ್ಟಿಯನ್ನು ಇಳಿಸಿಕೊಂಡ, ಅದೇ ತಲೆಯ ಮೇಲೆ ತುಂಬಿದ ಕೆರೆಯನ್ನು ಹೊರಿಸಿದ.”