ಕಿನ್ನರಿಯರ ಹಂಡೆ

ನವರಾತ್ರಿ ಕಳೆದ ಒಂದು ಬೆಳಿಗ್ಗೆ, ಹಿತ್ತಲ ಪಾರಿಜಾತಕ್ಕೆ ಒರಗಿ ನಿಂತಿದ್ದ ಹೊಸ ಪೊರಕೆ, ಮರದ ಬುಡದಲ್ಲಿದ್ದ ಹಳೆಯ ಕರಟವನ್ನು ಕಂಡು ಮುಖ ಸಿಂಡರಿಸಿತು.

"ಬಚ್ಚಲ ಒಲೆಗೆ ಹೋಗಬೇಕಾದವನು ನೀನು. ಇಲ್ಲೇನು ಕೆಲಸ?"

"ನಾನು ಕಿನ್ನರಿಯರ ಸ್ನಾನದ ಹಂಡೆ," ಎಂದಿತು ಕರಟ. "ಈ ಮನೆಯ ವಾರಿಜ ಚಿಕ್ಕವಳಿದ್ದಾಗ ನನ್ನಲ್ಲಿ ನೀರು ತುಂಬಿ ಇಲ್ಲಿಟ್ಟಳು. ಬಿಳಿ ಲಂಗದ, ಕೇಸರಿ ಕಾಲಿನ ಕಿನ್ನರಿಯರು ಈ ಮರದಿಂದ ಇಳಿಯುತ್ತಾರೆ ಎನ್ನುತ್ತಿದ್ದಳು. ಅವರನ್ನೆಲ್ಲ ಬುಟ್ಟಿಗೆ ಎತ್ತಿಕೊಳ್ಳುವವರೆಗೆ ಯಾರೂ ಪೊರಕೆ ಮುಟ್ಟುವಂತಿರಲಿಲ್ಲ."

"ಅವು ಉದುರಿದ ಹೂವು! ನೆಲಕ್ಕೆ ಬಿದ್ದದ್ದೆಲ್ಲ ಕಸ. ಊರೆಲ್ಲ ಗುಡಿಸುವ ಕುಲ ನಮ್ಮದು, ಒಬ್ಬ ಕಿನ್ನರಿಯೂ ನಮಗೆ ಸಿಕ್ಕಿಲ್ಲ."

"ಗುಡಿಸುವವರಿಗೆ ಸಿಗುವುದು ಕಸವೇ. ಪಾರಿಜಾತವನ್ನು ನೆಲದಿಂದಲೇ ಎತ್ತಿ ದೇವರಿಗೆ ಏರಿಸುತ್ತಾರೆ, ತಿಳಿಯದೆ?"

ಅಷ್ಟರಲ್ಲಿ ವಾರಿಜ ಬಂದಳು. ಅವಳ ತಲೆ ನರೆತಿತ್ತು. ಪೊರಕೆಯನ್ನು ಕೈಗೆತ್ತಿಕೊಂಡವಳು ಗುಡಿಸಲಿಲ್ಲ. ಅದರ ಬುಡದಿಂದ ನೆಲವನ್ನು ಮೆಲ್ಲಗೆ ತಟ್ಟಿ, "ಏಳ್ರಮ್ಮಾ, ಬೆಳಗಾಯ್ತು" ಎಂದಳು. ಹೂಗಳನ್ನೆಲ್ಲ ಆಯ್ದು ಬುಟ್ಟಿಗೆ ಹಾಕಿದಳು. ಆಮೇಲೆ ಕರಟವನ್ನು ಎತ್ತಿಕೊಂಡಳು.

ಒಲೆಗೇ ಹೊರಟಿತು ಎಂದು ಪೊರಕೆ ಹಿಗ್ಗಿತು. ವಾರಿಜ ಕರಟವನ್ನು ತೊಳೆದು, ಹೊಸ ನೀರು ತುಂಬಿ, ಇದ್ದಲ್ಲೇ ಇಟ್ಟು ಒಳಗೆ ಹೋದಳು.

"ಈ ವಯಸ್ಸಿನಲ್ಲೂ ಕಿನ್ನರಿಯರು ಇದ್ದಾರೆಂದು ನಂಬುತ್ತಾಳೆಯೇ?" ಎಂದಿತು ಪೊರಕೆ.

"ಇಲ್ಲ," ಎಂದಿತು ಕರಟ. "ಆದರೆ ನಂಬಿದ್ದ ಆ ಹುಡುಗಿ ಎಂದಾದರೂ ತಿರುಗಿ ಬಂದರೆ, ಹಂಡೆ ಬರಿದಾಗಿರಬಾರದಲ್ಲ."